ರಕ್ಷಣಾ ಆದೇಶ ಅಂದರೆ ಏನು? ಕೋರ್ಟಿನಿಂದ ಅದನ್ನು ಪಡೆಯುವುದು ಹೇಗೆ?

ಗಂಡ ಹೊಡೆಯುತ್ತಾನೆ. ಆದರೆ ಅವನನ್ನು ಜೈಲಿಗೆ ಕಳಿಸುವ ಮನಸ್ಸಿಲ್ಲ. ಡೈವೋರ್ಸ್ ಬೇಕೋ ಬೇಡವೋ ಅಂತ ಇನ್ನೂ ತೀರ್ಮಾನ ಆಗಿಲ್ಲ. ಸದ್ಯಕ್ಕೆ ಹೊಡೆತ ನಿಲ್ಲಬೇಕು, ಅಷ್ಟೇ. ಹೀಗೆ ಹೇಳುವ ಹೆಣ್ಣುಮಕ್ಕಳು ಬಹಳ ಜನ ಇದ್ದಾರೆ. ಅವರಿಗೆ ಸಿಗುವ ಸಲಹೆ ಮಾತ್ರ ಹೆಚ್ಚಾಗಿ ಎರಡೇ. ಒಬ್ಬರು 'ಹೊಂದಿಕೊಂಡು ಹೋಗು' ಅನ್ನುತ್ತಾರೆ, ಇನ್ನೊಬ್ಬರು 'ಸ್ಟೇಷನ್ನಿಗೆ ಹೋಗಿ ಕಂಪ್ಲೇಂಟ್ ಕೊಡು' ಅನ್ನುತ್ತಾರೆ. ಇವೆರಡರ ನಡುವೆ ನಮ್ಮ ಕಾನೂನಿನಲ್ಲಿ ಇನ್ನೊಂದು ದಾರಿ ಇದೆ. ಅದೇ ರಕ್ಷಣಾ ಆದೇಶ.

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯ್ದೆ 2005ರಲ್ಲಿ ಬಂತು, 2006ರ ಅಕ್ಟೋಬರ್ 26ರಿಂದ ಜಾರಿಯಾಯಿತು. ಕೋರ್ಟಿನಲ್ಲಿ ಎಲ್ಲರೂ ಇದನ್ನು 'ಡಿ.ವಿ. ಆಕ್ಟ್' ಅಂತಲೇ ಕರೆಯುತ್ತಾರೆ. ಈ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ, ಹಿಂಸೆ ಕೊಡುವವನಿಗೆ 'ನೀನು ಇಂಥಿಂಥದ್ದು ಮಾಡಕೂಡದು' ಎಂದು ಮ್ಯಾಜಿಸ್ಟ್ರೇಟ್ ಬರೆದು ಕೊಡುವ ಅಪ್ಪಣೆಯೇ ರಕ್ಷಣಾ ಆದೇಶ. ಹಿಂದೆ ಆದದ್ದಕ್ಕೆ ಶಿಕ್ಷೆ ಕೊಡುವುದು ಇದರ ಉದ್ದೇಶ ಅಲ್ಲ. ಮುಂದೆ ಆಗದಂತೆ ತಡೆಯುವುದು ಇದರ ಕೆಲಸ.

ಅರ್ಜಿ ಹೋಗುವುದು ಕ್ರಿಮಿನಲ್ ಕೇಸು ನಡೆಸುವ ಮ್ಯಾಜಿಸ್ಟ್ರೇಟ್ ಕೋರ್ಟಿಗೇ. ಹಾಗಿದ್ದರೂ ಇಲ್ಲಿ ಸಿಗುವ ಪರಿಹಾರ ಮೂಲತಃ ಸಿವಿಲ್ ಸ್ವರೂಪದ್ದು ಅಂತ ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ. ಆದ್ದರಿಂದ ಈ ಅರ್ಜಿಯಲ್ಲಿ ಗಂಡ ಆರೋಪಿ ಅಲ್ಲ, ಎದುರುದಾರ. ಅರ್ಜಿ ಹಾಕಿದ ಮಾತ್ರಕ್ಕೆ ಯಾರನ್ನೂ ಅರೆಸ್ಟ್ ಮಾಡುವುದಿಲ್ಲ. ಮೊದಲು ಎಫ್‌ಐಆರ್ ಆಗಿರಬೇಕು ಅಂತಲೂ ಇಲ್ಲ. ಡೈವೋರ್ಸ್ ಕೇಳಬೇಕಾಗಿಲ್ಲ. ಮನೆ ಬಿಟ್ಟು ಬರಬೇಕಾಗಿಯೂ ಇಲ್ಲ. ಒಂದೇ ಮನೆಯಲ್ಲಿ ಇದ್ದುಕೊಂಡೇ ಈ ಆದೇಶ ಕೇಳಬಹುದು. ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಇದರ ಜೊತೆಗೆ ಕ್ರಿಮಿನಲ್ ದೂರನ್ನೂ ಕೊಡಬೇಕು ಅನ್ನಿಸಿದರೆ ಅದಕ್ಕೇನೂ ಅಡ್ಡಿ ಇಲ್ಲ. ಗಂಡ, ಗಂಡನ ಮನೆಯವರ ಕ್ರೌರ್ಯಕ್ಕೆ ಶಿಕ್ಷೆ ಹೇಳುವ, ಹಿಂದೆ 498ಎ ಅನ್ನುತ್ತಿದ್ದ ಸೆಕ್ಷನ್ ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಸೆಕ್ಷನ್.

ಈ ಕಾಯ್ದೆ ಹೆಂಡತಿಗೆ ಮಾತ್ರ ಅಂತ ಅಂದುಕೊಳ್ಳಬೇಡಿ. ಮಗ ಹೊಡೆಯುತ್ತಿದ್ದರೆ ವಯಸ್ಸಾದ ತಾಯಿ ಅರ್ಜಿ ಹಾಕಬಹುದು. ಅಣ್ಣನ ಮೇಲೆ ತಂಗಿ, ಅಪ್ಪನ ಮೇಲೆ ಮಗಳು, ಗಂಡನ ಮನೆಯವರ ಮೇಲೆ ವಿಧವೆ ಸೊಸೆ, ಯಾರು ಬೇಕಾದರೂ ಹಾಕಬಹುದು. ಮದುವೆ ಆಗದೆ ದಂಪತಿಯಂತೆ ಬಾಳಿದವರೂ ಇದರೊಳಗೆ ಬರುತ್ತಾರೆ. ಡೈವೋರ್ಸ್ ಆಗಿದ್ದರೂ, ಮದುವೆ ಇದ್ದಾಗ ನಡೆದ ಹಿಂಸೆಗೆ ಪರಿಹಾರ ಕೇಳಬಹುದು. ಎದುರುದಾರ 'ವಯಸ್ಕ ಗಂಡಸೇ' ಆಗಿರಬೇಕು ಎಂಬ ಮಾತು ಮೊದಲು ಕಾಯ್ದೆಯಲ್ಲಿತ್ತು. 2016ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಹಾಗಾಗಿ ಅತ್ತೆ, ನಾದಿನಿಯ ವಿರುದ್ಧವೂ ಆದೇಶ ಸಿಗುತ್ತದೆ.

ಇನ್ನು ಹಿಂಸೆ ಅಂದರೆ ಏನು? 'ಅವರು ನನ್ನ ಮೇಲೆ ಕೈ ಮಾಡಿಲ್ಲ, ಬರೀ ಬೈತಾರೆ, ದುಡ್ಡು ಕೊಡಲ್ಲ' ಅಂತ ಸುಮ್ನೆ ಇರುವವರಿದ್ದಾರೆ. ಕಾಯ್ದೆ ನಾಲ್ಕು ಬಗೆಯ ಹಿಂಸೆಯನ್ನು ಹೇಳುತ್ತದೆ. ಮೈಗೆ ನೋವು ಮಾಡುವುದು ಒಂದು. ಲೈಂಗಿಕ ಹಿಂಸೆ ಇನ್ನೊಂದು. ಮಕ್ಕಳಾಗಿಲ್ಲ, ಗಂಡುಮಗು ಹೆತ್ತಿಲ್ಲ ಅಂತ ಹಂಗಿಸುವುದು, ಅವಮಾನ ಮಾಡುವುದು, 'ನಿನ್ನ ತಮ್ಮನಿಗೆ ಒಂದು ಗತಿ ಕಾಣಿಸ್ತೀನಿ' ಅಂತ ಹೆದರಿಸುವುದು ಮಾತಿನ ಮತ್ತು ಮಾನಸಿಕ ಹಿಂಸೆ. ನಾಲ್ಕನೆಯದು ಹಣದ ಹಿಂಸೆ. ಮನೆಖರ್ಚಿಗೆ ಕೊಡದಿರುವುದು, ಸಂಬಳ ಕಿತ್ತುಕೊಳ್ಳುವುದು, ತವರಿನಿಂದ ತಂದ ಒಡವೆ ಅಡವಿಡುವುದು ಎಲ್ಲ ಇದರಲ್ಲಿ ಬರುತ್ತದೆ. ಇವುಗಳಲ್ಲಿ ಯಾವುದೊಂದು ಇದ್ದರೂ ಅರ್ಜಿಗೆ ಆಧಾರ ಇದೆ.

ಎಲ್ಲಿಗೆ ಹೋಗಬೇಕು? ನೇರವಾಗಿ ಕೋರ್ಟಿಗೆ ಹೋಗಬಹುದು, ಸಂರಕ್ಷಣಾಧಿಕಾರಿಯ ಹತ್ತಿರವೂ ಹೋಗಬಹುದು. ಕರ್ನಾಟಕದಲ್ಲಿ ತಾಲೂಕು ಮಟ್ಟದಲ್ಲಿ ಈ ಕೆಲಸ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯದು. ಅವರ ಆಫೀಸು ಎಲ್ಲಿದೆ ಅಂತ ನಿಮ್ಮೂರಿನ ಅಂಗನವಾಡಿ ಟೀಚರನ್ನು ಕೇಳಿದರೆ ಸಾಕು, ಹೇಳುತ್ತಾರೆ. ನೀವು ಹೇಳಿದ್ದನ್ನು ಸಂರಕ್ಷಣಾಧಿಕಾರಿ ಒಂದು ನಮೂನೆಯಲ್ಲಿ ಬರೆದುಕೊಳ್ಳುತ್ತಾರೆ. ಅದು ಕೌಟುಂಬಿಕ ಘಟನಾ ವರದಿ. ಬಾಯಿಮಾತಿನಲ್ಲಿ ಎಲ್ಲರೂ 'ಡಿಐಆರ್' ಅನ್ನುತ್ತಾರೆ. ಅದರ ಪ್ರತಿ ಮ್ಯಾಜಿಸ್ಟ್ರೇಟರಿಗೂ ಆ ಪ್ರದೇಶದ ಪೊಲೀಸ್ ಸ್ಟೇಷನ್ನಿಗೂ ಹೋಗುತ್ತದೆ. ಕೋರ್ಟಿಗೆ ಅರ್ಜಿ ಬರೆಯಲು, ವಕೀಲರನ್ನು ಹುಡುಕಲು, ಆಸ್ಪತ್ರೆಗೆ ಕಳಿಸಲು, ಇರಲು ಜಾಗ ಬೇಕಿದ್ದರೆ ಆಶ್ರಯ ಕೊಡಿಸಲು ಅವರು ನೆರವಾಗಬೇಕು. ಅದು ಅವರು ಮಾಡುವ ಉಪಕಾರ ಅಲ್ಲ, ಅವರ ಕರ್ತವ್ಯ. ಕೋರ್ಟಿನ ಅಪ್ಪಣೆಯಂತೆ ಕೆಲಸ ಮಾಡದ ಸಂರಕ್ಷಣಾಧಿಕಾರಿಗೇ ಶಿಕ್ಷೆ ಆಗಬಹುದು ಎಂದು ಕಾಯ್ದೆ ಹೇಳುತ್ತದೆ. 'ಡಿಐಆರ್ ಇಲ್ಲ, ಅರ್ಜಿ ತಗೊಳ್ಳಲ್ಲ' ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಡಿಐಆರ್ ಇಲ್ಲದಿದ್ದರೂ ಮ್ಯಾಜಿಸ್ಟ್ರೇಟ್ ಆದೇಶ ಕೊಡಬಹುದು ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟ ಮಾಡಿದೆ.

ಹೊಡೆತ ತಾಳಲಾರದೆ ತವರಿಗೆ ಬಂದಿದ್ದೀರಾ? ಹಾಗಿದ್ದರೆ ಗಂಡನ ಊರಿನ ಕೋರ್ಟಿಗೇ ಅಲೆಯಬೇಕಾಗಿಲ್ಲ. ನೀವು ತಾತ್ಕಾಲಿಕವಾಗಿ ಇರುವ ಊರಿನ ಕೋರ್ಟು ಸಾಕು. ನೀವು ಕೆಲಸ ಮಾಡುವ ಊರಿನದೂ ಆಗುತ್ತದೆ. ಆದೇಶ ಎಲ್ಲಿಂದ ಬಂದರೂ ದೇಶದ ಉದ್ದಗಲಕ್ಕೂ ನಡೆಯುತ್ತದೆ.

ವಕೀಲರ ಫೀಸಿನ ಚಿಂತೆಯೂ ಬೇಡ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಕೋರ್ಟಿನಲ್ಲೇ ತಾಲೂಕು ಕಾನೂನು ಸೇವಾ ಸಮಿತಿ ಎಲ್ಲಿದೆ ಅಂತ ವಿಚಾರಿಸಿ, ಅಥವಾ 15100ಕ್ಕೆ ಫೋನ್ ಮಾಡಿ. ಮಹಿಳಾ ಸಹಾಯವಾಣಿ 181. ಜೀವಕ್ಕೆ ಅಪಾಯ ಅನ್ನಿಸಿದ ಕ್ಷಣ ಬೇರೆ ಯೋಚನೆ ಬೇಡ, 112. ಸಾಂತ್ವನ ಕೇಂದ್ರ, ಸಖಿ ಒನ್ ಸ್ಟಾಪ್ ಸೆಂಟರ್‌ಗಳಲ್ಲಿಯೂ ಕೂತು ಮಾತಾಡುವವರು ಸಿಗುತ್ತಾರೆ. ನೀವೇ ಹೋಗಲು ಆಗದಿದ್ದರೆ ನಿಮ್ಮ ಪರವಾಗಿ ಅಕ್ಕನೋ ಗೆಳತಿಯೋ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕುವ ಹಾಗಿಲ್ಲ. ಪಕ್ಕದ ಮನೆಯ ಗಲಾಟೆ ಕೇಳಿಯೂ 'ನಮಗ್ಯಾಕೆ' ಅಂತ ಬಾಗಿಲು ಹಾಕಿಕೊಳ್ಳುವವರು ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ಎಲ್ಲಕ್ಕಿಂತ ಜಾಸ್ತಿ ಗಮನ ಕೊಡಬೇಕಾದ್ದು ಅರ್ಜಿಯನ್ನು ಹೇಗೆ ಬರೆಯುತ್ತೀರಿ ಅನ್ನುವುದಕ್ಕೆ. ಇದು 12ನೇ ಸೆಕ್ಷನ್ ಅಡಿ ಹಾಕುವ ಅರ್ಜಿ. 'ಗಂಡ ಮದುವೆಯಾದಾಗಿನಿಂದ ದೈಹಿಕ ಹಾಗೂ ಮಾನಸಿಕ ಹಿಂಸೆ ನೀಡುತ್ತಾ ಬಂದಿರುತ್ತಾರೆ' ಎಂಬ ಒಂದೇ ಸಾಲು ಎಷ್ಟೋ ಅರ್ಜಿಗಳಲ್ಲಿ ಇರುತ್ತದೆ. ಅದು ಸುಳ್ಳಲ್ಲ. ಆದರೆ ಓದುವ ಮ್ಯಾಜಿಸ್ಟ್ರೇಟರಿಗೆ ಅದರಿಂದ ಏನೂ ಕಣ್ಣಿಗೆ ಕಟ್ಟುವುದಿಲ್ಲ. ಅದರ ಬದಲು ಹೀಗೆ ಬರೆಯಿರಿ: 'ಯುಗಾದಿಯ ಮಾರನೆಯ ದಿನ ರಾತ್ರಿ, ತವರಿನಿಂದ ದುಡ್ಡು ತಂದಿಲ್ಲ ಅಂತ ಜಗಳ ತೆಗೆದು ನನ್ನ ಎಡಗೈ ತಿರುಚಿದರು. ಮಗಳು ಅಳುತ್ತಾ ಪಕ್ಕದ ಮನೆಗೆ ಓಡಿದಳು. ಅವರು ಬಂದು ಬಿಡಿಸಿದರು. ಬೆಳಿಗ್ಗೆ ತಾಲೂಕು ಆಸ್ಪತ್ರೆಯಲ್ಲಿ ತೋರಿಸಿದೆ, ಚೀಟಿ ಲಗತ್ತಿಸಿದ್ದೇನೆ.' ಯಾವಾಗ, ಎಲ್ಲಿ, ಏನಾಯಿತು, ಯಾರು ನೋಡಿದರು ಎಲ್ಲ ಅದರಲ್ಲಿದೆ. ತಾರೀಕು ನೆನಪಿಲ್ಲದಿದ್ದರೆ ಹಬ್ಬ, ಮಗುವಿನ ಹುಟ್ಟುಹಬ್ಬ, ಊರ ಜಾತ್ರೆ ಹಿಡಿದು ಹೇಳಿ. ಮೊದಲ ಸಲ ಆದದ್ದು, ತುಂಬಾ ಕೆಟ್ಟದಾಗಿ ಆದದ್ದು, ತೀರಾ ಇತ್ತೀಚೆಗೆ ಆದದ್ದು, ಇವಂತೂ ಇರಲೇಬೇಕು.

ಜೊತೆಗೆ ಏನೇನು ಇಡಬಹುದು? ಗಾಯದ ಫೋಟೋ, ಆಸ್ಪತ್ರೆ ಚೀಟಿ, ಹಿಂದೆ ಸ್ಟೇಷನ್ನಿನಲ್ಲಿ ಕೊಟ್ಟ ದೂರಿನ ಸ್ವೀಕೃತಿ, ಬೆದರಿಸಿ ಕಳಿಸಿದ ವಾಟ್ಸಾಪ್ ಮೆಸೇಜು, ಒಡವೆಯ ರಸೀದಿ, ಬ್ಯಾಂಕ್ ಪಾಸ್‌ಬುಕ್. ಮೆಸೇಜುಗಳನ್ನು ಅಳಿಸಬೇಡಿ. ನಿಮ್ಮ ಫೋನನ್ನು ಅವನು ನೋಡುತ್ತಾನೆ ಅಂತಾದರೆ ನಂಬುವವರ ಫೋನಿಗೂ ಒಂದು ಪ್ರತಿ ಕಳಿಸಿ, ಕಳಿಸಿದ ಗುರುತು ನಿಮ್ಮ ಫೋನಿನಲ್ಲಿ ಉಳಿಯದಂತೆ ನೋಡಿಕೊಳ್ಳಿ. ಇವು ಯಾವುವೂ ಇಲ್ಲದಿದ್ದರೆ ಅರ್ಜಿ ಹಾಕುವ ಹಾಗಿಲ್ಲ ಅಂತ ಅಲ್ಲ. ನಿಮ್ಮ ಹೇಳಿಕೆಯೂ ಸಾಕ್ಷ್ಯವೇ.

ಅರ್ಜಿಯ ಕೊನೆಯಲ್ಲಿ ಏನು ಬೇಕು ಅಂತ ಬರೆಯುವ ಭಾಗ ಬರುತ್ತದೆ. ಇಲ್ಲಿ ಸಂಕೋಚ ಬೇಡ. 'ರಕ್ಷಣೆ ಕೊಡಿಸಿ' ಅಂತ ಬಿಟ್ಟರೆ ಆದೇಶವೂ ಅಷ್ಟೇ ಮೊಂಡಾಗಿ ಬರಬಹುದು. ನಾನು ಕೆಲಸ ಮಾಡುವ ಜಾಗಕ್ಕೆ ಬರಬಾರದು, ಮಗುವಿನ ಶಾಲೆಯ ಹತ್ತಿರ ಸುಳಿಯಬಾರದು, ಫೋನು, ಮೆಸೇಜು, ಬೇರೆಯವರ ಮೂಲಕ ಹೇಳಿಕಳಿಸುವುದು ಯಾವುದೂ ಕೂಡದು ಅಂತ ಬಿಡಿಸಿ ಕೇಳಿ. ಜಂಟಿ ಖಾತೆಯ ಹಣ, ಲಾಕರಿನ ಒಡವೆ ಮುಟ್ಟಬಾರದು ಅಂತಲೂ ಕೇಳಬಹುದು. ನನಗೆ ಆಸರೆ ಕೊಟ್ಟ ಅಣ್ಣನ ತಂಟೆಗೆ ಹೋಗಬಾರದು ಅನ್ನುವುದಕ್ಕೂ 18ನೇ ಸೆಕ್ಷನ್ನಿನಲ್ಲಿ ಅವಕಾಶ ಇದೆ.

ಇದೇ ಅರ್ಜಿಯಲ್ಲಿ ವಾಸದ ಆದೇಶವನ್ನೂ ಕೇಳಬಹುದು. ಮನೆ ನಿಮ್ಮ ಹೆಸರಿನಲ್ಲಿ ಇರಬೇಕಾಗಿಲ್ಲ. ಸಂಸಾರ ನಡೆಸಿದ ಮನೆ ಮಾವನ ಹೆಸರಿನಲ್ಲಿದ್ದರೂ ಸೊಸೆ ಅಲ್ಲಿ ಇರುವ ಹಕ್ಕು ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ತೀರ್ಪು ಕೊಟ್ಟಿದೆ. ಖರ್ಚಿಗೆ ಹಣ, ಮಕ್ಕಳ ತಾತ್ಕಾಲಿಕ ಸುಪರ್ದಿ, ಅನುಭವಿಸಿದ ನೋವಿಗೆ ಪರಿಹಾರ, ಇವೂ ಸೇರುತ್ತವೆ. ಗಂಡ ಹಣ ಕೊಡದೆ ಸತಾಯಿಸಿದರೆ, ಅವನ ಸಂಬಳದಿಂದಲೇ ನಿಮಗೆ ಕೊಡುವಂತೆ ಕೆಲಸ ಕೊಟ್ಟವರಿಗೆ ಕೋರ್ಟು ಹೇಳಬಹುದು.

ಕಾಯ್ದೆಯ ಲೆಕ್ಕದಲ್ಲಿ ಅರ್ಜಿ ತಲುಪಿ ಸಾಮಾನ್ಯವಾಗಿ 3 ದಿನದೊಳಗೆ ಮೊದಲ ವಿಚಾರಣೆ ಆಗಬೇಕು, ಅಲ್ಲಿಂದ 60 ದಿನದೊಳಗೆ ಮುಗಿಸಲು ಯತ್ನಿಸಬೇಕು. ವಾಸ್ತವದಲ್ಲಿ ಕೇಸುಗಳು ಇದಕ್ಕಿಂತ ತುಂಬಾ ಎಳೆಯುತ್ತವೆ. ಈ ಕಾರಣಕ್ಕೇ ಮಧ್ಯಂತರ (ಇಂಟರಿಮ್) ಆದೇಶವನ್ನು, ಅಂದರೆ ಕೇಸು ಮುಗಿಯುವ ಮೊದಲೇ ಸಿಗುವ ತಾತ್ಕಾಲಿಕ ಆದೇಶವನ್ನು, ಮೊದಲ ದಿನವೇ ಕೇಳಬೇಕು. 23ನೇ ಸೆಕ್ಷನ್ ಅಡಿ ಒಂದು ಅಫಿಡವಿಟ್ (ಪ್ರಮಾಣ ಮಾಡಿ ಬರೆದುಕೊಡುವ ಹೇಳಿಕೆ) ಜೊತೆಗಿಟ್ಟರೆ, ಎದುರುದಾರನನ್ನು ಕರೆಸಿ ಕೇಳುವ ಮೊದಲೇ ಮ್ಯಾಜಿಸ್ಟ್ರೇಟ್ ತುರ್ತು ಆದೇಶ ಕೊಡಬಹುದು. 'ಇಂಟರಿಮ್ ಅರ್ಜಿ ಹಾಕಿದ್ದೀರಾ?' ಅಂತ ವಕೀಲರನ್ನು ಮರೆಯದೆ ಕೇಳಿ. ತೆರೆದ ಕೋರ್ಟಿನಲ್ಲಿ ಎಲ್ಲರೆದುರು ಹೇಳಲು ಕಷ್ಟ ಆದರೆ, ಬೇರೆಯವರನ್ನು ಹೊರಗೆ ಕಳಿಸಿ ವಿಚಾರಣೆ ನಡೆಸಿ ಅಂತಲೂ ಕೋರಬಹುದು.

ನೋಟಿಸ್ ಅವನ ಕೈಗೆ ಹೋಗುವ ದಿನಗಳಲ್ಲಿ ಜೋಪಾನ. ಸಿಟ್ಟು ಏರಬಹುದು. ಆಗ ಎಲ್ಲಿರುತ್ತೀರಿ, ಯಾರನ್ನು ಕರೆಯುತ್ತೀರಿ ಅಂತ ಮೊದಲೇ ಗಟ್ಟಿ ಮಾಡಿಕೊಳ್ಳಿ. ಆಧಾರ್ ಕಾರ್ಡು, ಮಕ್ಕಳ ಜನನ ಪತ್ರ, ಔಷಧಿ, ಸ್ವಲ್ಪ ಹಣ ಮನೆಯಿಂದ ಹೊರಗೆ ನಂಬಿಕಸ್ಥರ ಹತ್ತಿರ ಇರಲಿ. ಇಂಥ ಸುರಕ್ಷತಾ ಯೋಜನೆ ತಯಾರಿಸಲು ಸಂರಕ್ಷಣಾಧಿಕಾರಿಯ ಹತ್ತಿರ ಒಂದು ನಮೂನೆಯೇ ಇದೆ. ಕೇಳಿ ಮಾಡಿಸಿಕೊಳ್ಳಿ.

ಆದೇಶ ಬಂದ ಮೇಲೆ ಅದರ ಪ್ರತಿ ನಿಮಗೆ ಉಚಿತವಾಗಿ ಸಿಗುತ್ತದೆ. ಪೊಲೀಸ್ ಸ್ಟೇಷನ್ನಿಗೂ ಹೋಗುತ್ತದೆ. ಆದರೂ ಒಂದು ಜೆರಾಕ್ಸ್ ನಿಮ್ಮ ಚೀಲದಲ್ಲಿ, ಒಂದು ಫೋಟೋ ಫೋನಿನಲ್ಲಿ ಇರಲಿ. ಮಗುವಿನ ಶಾಲೆಯ ಬಗ್ಗೆ ಆದೇಶ ಇದ್ದರೆ ಹೆಡ್‌ಮಾಸ್ಟರರಿಗೂ ಒಂದು ಕೊಡಿ. ಇನ್ನು ಮುಂದೆ ಅವನು ಆದೇಶ ಮೀರಿದರೆ ಅದು ಮನೆಯ ಜಗಳ ಆಗಿ ಉಳಿಯುವುದಿಲ್ಲ, 31ನೇ ಸೆಕ್ಷನ್ ಪ್ರಕಾರ ಅಪರಾಧವೇ ಆಗುತ್ತದೆ. ಒಂದು ವರ್ಷದ ತನಕ ಜೈಲು, 20,000 ರೂಪಾಯಿ ತನಕ ದಂಡ, ಅಥವಾ ಎರಡೂ. ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದು, ಜಾಮೀನು ಹಕ್ಕಿನಿಂದ ಸಿಗುವುದಿಲ್ಲ. ಆದೇಶ ಮೀರಿದ್ದಾನೆ ಅಂತ ತೀರ್ಮಾನಿಸಲು ನಿಮ್ಮೊಬ್ಬರ ಸಾಕ್ಷ್ಯವೇ ಕೋರ್ಟಿಗೆ ಸಾಕಾಗಬಹುದು. ಆದೇಶ ಸಿಗದಿದ್ದರೆ ಅಥವಾ ಅರೆಬರೆ ಸಿಕ್ಕರೆ 30 ದಿನದೊಳಗೆ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಹಾಕಬಹುದು.

ರಾಜಿಯ ಮಾತು ಬಂದೇ ಬರುತ್ತದೆ. ಹಿರಿಯರು ಕೂತು, 'ಬುದ್ಧಿ ಬಂದಿದೆ ಕಣಮ್ಮ, ಕೇಸ್ ವಾಪಸ್ ತಗೊಂಡು ಮನೆಗೆ ಹೋಗು' ಅನ್ನುತ್ತಾರೆ. ಹೋಗುವುದು ಬಿಡುವುದು ನಿಮ್ಮ ಇಷ್ಟ. ಆದರೆ ಮನೆಗೆ ವಾಪಸ್ ಹೋಗಲು ಆದೇಶವನ್ನು ಬಿಟ್ಟುಕೊಡಬೇಕಾಗಿಲ್ಲ. ಪರಿಸ್ಥಿತಿ ಬದಲಾಗಿದೆ ಅಂತ ಇಬ್ಬರಲ್ಲಿ ಯಾರಾದರೂ ಕೋರ್ಟಿಗೆ ತೋರಿಸಿಕೊಟ್ಟರೆ ಅದನ್ನು ಬದಲಿಸಲು, ತೆಗೆಯಲು ಸಾಧ್ಯ. ಇಲ್ಲವಾದರೆ ನೀವೇ ಬೇಡ ಅಂತ ಅರ್ಜಿ ಹಾಕುವ ತನಕ ರಕ್ಷಣಾ ಆದೇಶ ಜಾರಿಯಲ್ಲಿರುತ್ತದೆ. ಬಿಟ್ಟುಕೊಟ್ಟ ಮೇಲೆ ಮತ್ತೆ ಕೈ ಎತ್ತಿದರೆ ಎಲ್ಲವನ್ನೂ ಹೊಸದಾಗಿ ಶುರು ಮಾಡಬೇಕಾಗುತ್ತದೆ. ಹಾಗಾಗಿ, 'ಜೊತೆಗೆ ಇರುತ್ತೇನೆ, ಹೊಡೆಯಕೂಡದು ಎಂಬ ಆದೇಶ ಹಾಗೇ ಇರಲಿ' ಎಂದು ಹಿರಿಯರ ಮುಂದೆಯೂ ಮ್ಯಾಜಿಸ್ಟ್ರೇಟರ ಮುಂದೆಯೂ ಹೇಳಬಹುದು.