ಚೆಂಡು ಹೂ ಬೆಳೆದರೆ ಟೊಮ್ಯಾಟೊ ಬೇರಿನ ಗಂಟು ಹೋಗುತ್ತದೆಯೇ?

ಪ್ರಶ್ನೆ: ನೀರು ಗೊಬ್ಬರ ಸರಿಯಾಗಿ ಕೊಟ್ಟರೂ ನಮ್ಮ ಟೊಮ್ಯಾಟೊ ಗಿಡಗಳು ಮಧ್ಯಾಹ್ನದ ಹೊತ್ತಿಗೆ ಬಾಡಿ ನಿಲ್ಲುತ್ತವೆ. ಕಿತ್ತು ನೋಡಿದರೆ ಬೇರಿನ ತುಂಬ ಗಂಟುಗಳಿವೆ. ಕಳೆದ ಬೆಳೆಯಲ್ಲಿ ಅಲ್ಲಲ್ಲಿ ಒಂದೊಂದು ಸಾಲು ಚೆಂಡು ಹೂ ಹಾಕಿದ್ದೆವು, ಪ್ರಯೋಜನವಾಗಲಿಲ್ಲ. ಏನು ಮಾಡಬೇಕು?

ಉತ್ತರ: ಚೆಂಡು ಹೂವಿನಿಂದ ಪ್ರಯೋಜನ ಖಂಡಿತ ಇದೆ, ಆದರೆ ನೀವು ಅದನ್ನು ಹಾಕಿದ ಕ್ರಮ ಬೇರೆ ಕೀಟಕ್ಕೆ ಸಲ್ಲುವಂಥದು. ಹದಿನಾರು ಸಾಲು ಟೊಮ್ಯಾಟೊಗೆ ಒಂದು ಸಾಲು ಚೆಂಡು ಹೂ ಎಂಬುದು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಕಾಯಿಕೊರಕದ (ಕಾಯಿ ಕೊರೆದು ತಿನ್ನುವ ಹುಳುವಿನ) ಹತೋಟಿಗೆಂದು ಹೇಳಿಕೊಟ್ಟ ಪದ್ಧತಿ. ಅಲ್ಲಿ ಹೂವಿನ ಕೆಲಸ ಆ ಹುಳುವಿನ ಪತಂಗವನ್ನು ತನ್ನತ್ತ ಸೆಳೆದು ತನ್ನ ಮೇಲೆಯೇ ಮೊಟ್ಟೆ ಇಡಿಸಿಕೊಳ್ಳುವುದು. ನಿಮ್ಮ ಹೊಲದಲ್ಲಿರುವುದು ಬೇರುಗಂಟು ಜಂತುಹುಳು, ಮಣ್ಣಿನಲ್ಲಿದ್ದು ಬೇರಿಗೆ ಹೊಕ್ಕುವ ಸೂಕ್ಷ್ಮ ಹುಳು. ಅದರ ಮೇಲೆ ಪರಿಣಾಮ ಬೀರುವುದು ಚೆಂಡು ಹೂವಿನ ಬೇರಿನಲ್ಲಿರುವ ರಾಸಾಯನಿಕ ಅಂಶ. ಬೇರು ಹಬ್ಬಿದಷ್ಟು ಮಣ್ಣಿಗೆ ಮಾತ್ರ ಅದರ ಪ್ರಭಾವವಿರುವುದರಿಂದ, ಟೊಮ್ಯಾಟೊ ನಾಟಿಗೆ ಮೊದಲು ಹೊಲವಿಡೀ ಒತ್ತಾಗಿ ಚೆಂಡು ಹೂವನ್ನೇ ಎರಡು ಮೂರು ತಿಂಗಳು ಬೆಳೆಯಬೇಕು, ನಡುವೆ ಕಳೆಗೆ ಅವಕಾಶ ಕೊಡಬಾರದು. ಕಳೆಗಳ ಬೇರಿನಲ್ಲಿಯೂ ಈ ಹುಳು ಆರಾಮವಾಗಿ ಬದುಕುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಚೆಂಡು ಹೂವಿಗೆ ಮಾರುಕಟ್ಟೆಯೂ ಇರುವುದರಿಂದ ಇದು ನಷ್ಟದ ಬಾಬತ್ತಾಗಬೇಕಿಲ್ಲ.

ನಾಟಿಗೆ ಮೊದಲೇ ಏಕೆ ಎಂಬುದು ಹುಳುವಿನ ಜೀವನಕ್ರಮದಲ್ಲಿದೆ. ಅರ್ಧ ಮಿಲಿಮೀಟರ್ ಉದ್ದವೂ ಇಲ್ಲದ, ಬರಿಗಣ್ಣಿಗೆ ಕಾಣದ ಮರಿ ಹುಳು ಎಳೆ ಬೇರಿನ ತುದಿಯ ಹತ್ತಿರ ಒಳಹೊಕ್ಕು, ಒಂದೇ ಕಡೆ ನೆಲೆನಿಂತು ಸುತ್ತಲಿನ ಜೀವಕೋಶಗಳು ಊದಿಕೊಳ್ಳುವಂತೆ ಮಾಡಿ ಅಲ್ಲಿಂದಲೇ ಆಹಾರ ಹೀರುತ್ತದೆ. ನೀರು ಸಾಗಿಸುವ ನಾಳಗಳು ಹೀಗೆ ತಿರುಚಿಕೊಳ್ಳುವುದರಿಂದಲೇ ನೆಲದಲ್ಲಿ ಹಸಿ ಇದ್ದರೂ ಗಿಡ ಬಾಡುವುದು. ಬೆಳೆದ ಹೆಣ್ಣು ಅಂಟಿನಂಥ ಮುದ್ದೆಯೊಂದರಲ್ಲಿ ನೂರಾರು ಮೊಟ್ಟೆ ಇಡುತ್ತದೆ. ಬೆಚ್ಚಗಿನ ಮಣ್ಣಿನಲ್ಲಿ 25ರಿಂದ 30 ದಿನಕ್ಕೆ ಒಂದು ತಲೆಮಾರು ಮುಗಿಯುತ್ತದೆ. ನಾಲ್ಕು ತಿಂಗಳ ಬೆಳೆಯೊಂದರಲ್ಲಿ ಅದು ಎಷ್ಟು ಪಟ್ಟು ಹೆಚ್ಚೀತು ಎಂಬುದನ್ನು ನೀವೇ ಅಂದಾಜು ಮಾಡಬಹುದು. ಬೇರು ಗಂಟುಕಟ್ಟಿದ ಮೇಲೆ ಸುರಿಯುವ ಯಾವ ಔಷಧಿಯೂ ಆ ಬೇರನ್ನು ಮೊದಲಿನಂತೆ ಮಾಡಲಾರದು. ಈ ಹುಳುವನ್ನು ಹೊಲದಿಂದ ಪೂರ್ತಿ ಓಡಿಸುವುದೂ ಸಾಧ್ಯವಿಲ್ಲ. ನಾಟಿಯ ದಿನ ಮಣ್ಣಿನಲ್ಲಿ ಅದರ ಸಂಖ್ಯೆ ಕಡಿಮೆ ಇರುವಂತೆ ನೋಡಿಕೊಳ್ಳುವುದೇ ನಮ್ಮ ಕೈಯಲ್ಲಿರುವುದು.

ಆದ್ದರಿಂದ ಕೆಲಸ ಹಿಂದಿನ ಬೆಳೆ ಮುಗಿದ ದಿನವೇ ಶುರುವಾಗಬೇಕು. ಕೊನೆಯ ಕೊಯ್ಲಾದ ಮೇಲೆ ಗಿಡವನ್ನು ನೆಲಮಟ್ಟಕ್ಕೆ ಕೊಯ್ದು ಬೇರನ್ನು ಮಣ್ಣಿನಲ್ಲೇ ಬಿಡುವುದು ಬಹಳ ಕಡೆ ರೂಢಿಯಲ್ಲಿದೆ, ಮತ್ತು ನನ್ನ ದೃಷ್ಟಿಯಲ್ಲಿ ಅತಿ ಹೆಚ್ಚು ಹಾನಿ ಮಾಡುವ ರೂಢಿ ಇದೇ. ಮೊಟ್ಟೆಯ ಮುದ್ದೆಗಳೆಲ್ಲ ಇರುವುದು ಆ ಬೇರುಗಳಲ್ಲಿಯೇ. ಬೇರುಸಮೇತ ಕಿತ್ತು, ಒಣಗಿಸಿ ಸುಡಬೇಕು, ತಿಪ್ಪೆಗೆ ಹಾಕಲೇಬಾರದು. ಬಳಿಕ ಬೇಸಿಗೆಯಲ್ಲಿ ಹತ್ತು ಹದಿನೈದು ದಿನಗಳ ಅಂತರದಲ್ಲಿ ಎರಡು ಮೂರು ಸಲ ಆಳವಾಗಿ ಉತ್ತರೆ ಬಿಸಿಲೇ ಸಾಕಷ್ಟು ಕೆಲಸ ಮಾಡುತ್ತದೆ. ಮುಂದಿನ ಬೆಳೆಯಾಗಿ ಬದನೆ, ಬೆಂಡೆ, ಸೌತೆ, ಹೀರೆಯನ್ನು ತಂದರೆ ಅದೇ ಹುಳುವಿಗೆ ಮತ್ತೆ ಊಟ ಬಡಿಸಿದಂತೆ. ಚೆಂಡು ಹೂ, ಎಳ್ಳು, ಬೆಳ್ಳುಳ್ಳಿ ಅಥವಾ ಹಸಿರೆಲೆ ಗೊಬ್ಬರಕ್ಕೆ ಸೆಣಬು ಹಾಕುವುದು ಲೇಸು.

ಸಸಿಯ ವಿಷಯದಲ್ಲಿ ಯಾವ ರಾಜಿಯೂ ಬೇಡ. ಬೇರಿನಲ್ಲಿ ಹುಳು ಹೊತ್ತು ಬಂದ ಸಸಿಯನ್ನು ನೆಟ್ಟರೆ ಉಳಿದ ಶ್ರಮವೆಲ್ಲ ವ್ಯರ್ಥ. ಪ್ರೊಟ್ರೇಯಲ್ಲಿ (ಗುಳಿಗಳಿರುವ ಸಸಿ ತಟ್ಟೆಯಲ್ಲಿ) ಶುದ್ಧ ಕೊಕೊಪೀಟ್‌ನಲ್ಲಿ (ತೆಂಗಿನ ನಾರಿನ ಪುಡಿಯಲ್ಲಿ) ಬೆಳೆದ ಸಸಿಯನ್ನೇ ತನ್ನಿ. ಕೊಳ್ಳುವ ಮೊದಲು ನಾಲ್ಕಾರು ಸಸಿಗಳ ಬೇರು ತೊಳೆದು ನೋಡಿ. ಮನೆಯಲ್ಲೇ ಸಸಿಮಡಿ ಮಾಡುವವರು ಏಪ್ರಿಲ್–ಮೇ ತಿಂಗಳಲ್ಲಿ ಮಡಿಗೆ ನೀರುಣಿಸಿ, ಪಾರದರ್ಶಕ ತೆಳು ಪಾಲಿಥೀನ್ ಹಾಳೆ ಹೊದಿಸಿ, ಅಂಚಿಗೆ ಮಣ್ಣು ಮುಚ್ಚಿ, ಬಿಸಿಲಿನ ಕಾವಿಗೆ ಮಣ್ಣಿನ ಹುಳು ಸಾಯುವಂತೆ ನಾಲ್ಕರಿಂದ ಆರು ವಾರ ಬಿಡಬೇಕು. ಮಲ್ಚಿಂಗ್‌ಗೆ ಬಳಸುವ ಕಪ್ಪು ಹಾಳೆ ಇದಕ್ಕೆ ಆಗಿಬರುವುದಿಲ್ಲ.

ನಾಟಿಗೆ ಹದಿನೈದು ದಿನ ಮೊದಲು ಒಂದು ಟನ್ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಟ್ರೈಕೋಡರ್ಮಾ, ಸ್ಯೂಡೋಮೊನಾಸ್ ಮತ್ತು ಪ್ಯಾಸಿಲೋಮೈಸಿಸ್ ಎಂಬ ಉಪಕಾರಿ ಸೂಕ್ಷ್ಮಜೀವಿಗಳ ಪುಡಿಯನ್ನು ತಲಾ ಎರಡು ಕಿಲೋ ಬೆರೆಸಿ, ಸ್ವಲ್ಪ ಬೇವಿನ ಹಿಂಡಿಯನ್ನೂ ಸೇರಿಸಿ, ನೆರಳಿನಲ್ಲಿ ರಾಶಿ ಹಾಕಿ, ಆರದಂತೆ ನೀರು ಚಿಮುಕಿಸುತ್ತ ಮೇಲೆ ಹುಲ್ಲು ಮುಚ್ಚಿಡಿ. ಇವುಗಳಲ್ಲಿ ಪ್ಯಾಸಿಲೋಮೈಸಿಸ್ ಶಿಲೀಂಧ್ರ ಹುಳುವಿನ ಮೊಟ್ಟೆಯನ್ನೇ ಹೊಕ್ಕು ಕೊಲ್ಲುವಂಥದು. ಈ ಗೊಬ್ಬರವನ್ನು ನಾಟಿಯ ಸಾಲಿಗೆ ಕೊಟ್ಟ ಬೆನ್ನಲ್ಲೇ ಬುಡಕ್ಕೆ ಶಿಲೀಂಧ್ರನಾಶಕ ಸುರಿದರೆ ಈ ಉಪಕಾರಿ ಶಿಲೀಂಧ್ರಗಳೂ ಹಾಳು.

ಮಣ್ಣಿಗೆ ಹಾಕುತ್ತಿದ್ದ ಫೋರೇಟ್ ಎಂಬ ಕೀಟನಾಶಕದ ಹರಳನ್ನು ಈಗಲೂ ಕೇಳುವವರಿದ್ದಾರೆ. 2020ರ ಕೊನೆಯಿಂದ ಅದರ ಮಾರಾಟ, ಬಳಕೆ ಎರಡೂ ದೇಶದಲ್ಲಿ ನಿಷಿದ್ಧ. ನಿರೋಧಕ ತಳಿಗಳೆಂದು ಕೊಡುವ ಟೊಮ್ಯಾಟೊ ಬೀಜ ಒಳ್ಳೆಯದೇ, ಆದರೆ ಮಣ್ಣಿನ ಉಷ್ಣತೆ 28 ಡಿಗ್ರಿ ದಾಟಿದರೆ ಆ ಗುಣ ಕುಂದುವುದರಿಂದ ಬೇಸಿಗೆ ಬೆಳೆಯಲ್ಲಿ ಅದೊಂದನ್ನೇ ನಂಬಿ ಕೂರಬೇಡಿ.

ಮಣ್ಣಿನಲ್ಲಿ ಹುಳು ಎಷ್ಟಿದೆ ಎಂದು ತಿಳಿಯಲು, ಮುಂದಿನ ನಾಟಿಗೆ ಸುಮಾರು ಒಂದೂವರೆ ತಿಂಗಳು ಮೊದಲು ಹೊಲದ ಹತ್ತಾರು ಕಡೆ ಒಂದು ಗೇಣು ಆಳದ ಮಣ್ಣು ತೆಗೆದು, ಬೆರೆಸಿ, ನಾಲ್ಕೈದು ಕುಂಡಗಳಿಗೆ ತುಂಬಿ ಸೌತೆ ಬೀಜ ಹಾಕಿ. ತಿಂಗಳಾದ ಮೇಲೆ ಗಿಡಗಳನ್ನು ನೀರಿನಲ್ಲಿ ನೆನೆಸಿ ಮೆಲ್ಲಗೆ ಬಿಡಿಸಿದರೆ ಬೇರಿನ ಸ್ಥಿತಿ ಸ್ಪಷ್ಟವಾಗಿ ಕಾಣುತ್ತದೆ. ಎಲ್ಲೋ ಒಂದೆರಡು ಗಂಟುಗಳಿದ್ದರೆ ಮೇಲಿನ ಗೊಬ್ಬರದೊಂದಿಗೆ ಟೊಮ್ಯಾಟೊ ನೆಡಬಹುದು. ಎಲ್ಲ ಕುಂಡಗಳಲ್ಲೂ ಬೇರು ಸರಪಣಿಯಂತೆ ಗಂಟುಕಟ್ಟಿದ್ದರೆ ಈ ಹಂಗಾಮನ್ನು ಚೆಂಡು ಹೂವಿಗೆ ಬಿಟ್ಟುಕೊಡಿ.