ಪಟಾಕಿ ಫೋಟೊಗೆ ಶಟರ್ ಎಷ್ಟು ಸೆಕೆಂಡು ತೆರೆದಿಡಬೇಕು?

ಮುಂಬೈ ಬಳಿಯ ಡೊಂಬಿವಲಿಯ ಓದುಗರೊಬ್ಬರ ಪ್ರಶ್ನೆ: “ಕ್ಯಾಮೆರಾ ಇದೆ, ಟ್ರೈಪಾಡ್ ಇದೆ. ದೀಪಾವಳಿಗೆ ಮರೀನ್ ಡ್ರೈವ್‌ನಲ್ಲಿ 10 ಸೆಕೆಂಡು ಇಟ್ಟು ನೋಡಿದೆ, 2 ಸೆಕೆಂಡು ಇಟ್ಟೂ ನೋಡಿದೆ. ಬಿರುಸುಗಳೆಲ್ಲ ಬೆಳ್ಳಗೆ ಸುಟ್ಟಂತೆ ಬರುತ್ತವೆ, ಬಣ್ಣವೇ ಉಳಿಯುವುದಿಲ್ಲ. ಸರಿಯಾಗಿ ಎಷ್ಟು ಸೆಕೆಂಡು ಇಡಬೇಕು?”

ಹತ್ತು ಇಟ್ಟರೂ ಎರಡು ಇಟ್ಟರೂ ಬೆಳ್ಳಗೇ ಬಂತು ಅಂದಮೇಲೆ ತಪ್ಪು ಸೆಕೆಂಡಿನದ್ದಲ್ಲ. ಆಕಾಶದಲ್ಲಿ ಹಾರುವ ಕಿಡಿ ಒಂದೆಡೆ ನಿಲ್ಲುವುದಿಲ್ಲ. ಸೆನ್ಸರ್‌ನ ಒಂದು ಬಿಂದುವಿನ ಮೇಲೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಇರದೆ ಮುಂದಿನ ಬಿಂದುವಿಗೆ ಸರಿದುಬಿಡುತ್ತದೆ. ಅದು ಹೋದ ಮೇಲೆ ನೀವು ಶಟರನ್ನು ಇನ್ನೂ ಹತ್ತು ಸೆಕೆಂಡು ತೆರೆದಿಟ್ಟರೂ ಆ ಗೆರೆಗೆ ಹೊಸ ಬೆಳಕು ಸೇರುವುದಿಲ್ಲ. ಹಾಗಾಗಿ ಗೆರೆಯ ಹೊಳಪನ್ನು ತೀರ್ಮಾನಿಸುವುದು ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಮತ್ತು ಐಎಸ್ಒ (ಬಂದ ಬೆಳಕನ್ನು ಕ್ಯಾಮೆರಾ ಎಷ್ಟು ಹೆಚ್ಚಿಸಿ ತೋರಿಸಬೇಕೆಂಬ ಅಂಕಿ) ಎರಡೇ. ಸೆಕೆಂಡು ತೀರ್ಮಾನಿಸುವುದು ಬೇರೆ ಎರಡು ಸಂಗತಿಗಳನ್ನು: ಒಂದು ಚಿತ್ರದಲ್ಲಿ ಎಷ್ಟು ಬಿರುಸು ಸೇರಬೇಕು, ಮತ್ತು ಅಲ್ಲಾಡದೆ ನಿಂತಿರುವ ಕಟ್ಟಡ, ಬೀದಿದೀಪ, ಹೊಗೆ ಎಷ್ಟು ಬೆಳಗಬೇಕು.

ಐಎಸ್ಒ 100ರಲ್ಲಿ ಕಟ್ಟಿಹಾಕಿ. ಆಟೋ ಐಎಸ್ಒ ಆನ್ ಇದ್ದರೆ ಕತ್ತಲು ಕಂಡ ಕ್ಯಾಮೆರಾ ತಾನಾಗಿಯೇ 3200ರಂಥ ದೊಡ್ಡ ಅಂಕಿಗೆ ಹಾರಬಹುದು. ಪತ್ರದಲ್ಲಿ ಹೇಳಿದ ಬಿಳಿ ಗುಡ್ಡೆಗಳಿಗೆ ಬಹುಪಾಲು ಕಾರಣ ಇದೇ ಇರಬೇಕು. ಅಪರ್ಚರ್ ಎಫ್/11ರಿಂದ ಶುರು ಮಾಡಿ; ಎಫ್ ಅಂಕಿ ಹೆಚ್ಚಿದಷ್ಟೂ ಕಿಂಡಿ ಸಣ್ಣದು. ಹೌಸಿಂಗ್ ಸೊಸೈಟಿಯ ಅಂಗಳದಲ್ಲಿ ಎದುರಿಗೇ ಹಾರುವ ರಾಕೆಟ್ಟಿಗೆ ಎಫ್/16, ಕೊಲ್ಲಿಯ ಆಚೆ ದಡದ ಬಿರುಸಿಗೆ ಎಫ್/8. ಎಫ್/16 ದಾಟಬೇಡಿ, ಅಷ್ಟು ಸಣ್ಣ ಕಿಂಡಿಯಲ್ಲಿ ಬೆಳಕು ಬಾಗಿ ಗೆರೆಗಳ ಚೂಪು ಹೋಗುತ್ತದೆ. ಇನ್ನೂ ಕಡಿಮೆ ಬೆಳಕು ಬೇಕಾದರೆ ಎಫ್/11ರಲ್ಲೇ ಇದ್ದು ಎನ್‌ಡಿ8 ಫಿಲ್ಟರ್ ಹಾಕುವುದು ಮೇಲು, ಅದು ಬೆಳಕನ್ನು ಎಂಟನೇ ಒಂದಕ್ಕೆ ಇಳಿಸುತ್ತದೆ.

ಗುರುತು ಹಿಡಿಯುವುದು ಸುಲಭ. ಮೊದಲ ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿ. ಗೆರೆಯ ನಡುವೆ ಬಿಳಿ, ಅಂಚಿನಲ್ಲಿ ಮಾತ್ರ ಕೆಂಪು ಇದ್ದರೆ ಬೆಳಕು ಹೆಚ್ಚಾಯಿತು; ಅಪರ್ಚರನ್ನು ಒಂದು ಸ್ಟಾಪ್ (ಎಫ್/11 ಇದ್ದರೆ ಎಫ್/16ಕ್ಕೆ) ಕಿರಿದು ಮಾಡಿ. ಸುಟ್ಟುಹೋದ ಬಣ್ಣವನ್ನು ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಚಿತ್ರ) ಕೂಡ ಪೂರ್ತಿ ಮರಳಿ ಕೊಡುವುದಿಲ್ಲ.

ಎಲ್ಲ ಬಣ್ಣಕ್ಕೂ ಒಂದೇ ಅಪರ್ಚರ್ ಹೊಂದುವುದಿಲ್ಲ ಎನ್ನುವುದೂ ಗೊತ್ತಿರಲಿ. ಕೆಂಪು ಬರುವುದು ಸ್ಟ್ರಾನ್ಷಿಯಂನಿಂದ, ಹಳದಿ ಸೋಡಿಯಂನಿಂದ, ನೀಲಿ ತಾಮ್ರದಿಂದ, ಹಸಿರು ಬೇರಿಯಂನಿಂದ (ಬೇರಿಯಂ ಲವಣಗಳನ್ನು ಪಟಾಕಿಗೆ ಬಳಸಬಾರದೆಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ). ಕಣ್ಣು ಕೋರೈಸುವ ಬಿಳಿ ಅಲ್ಯೂಮಿನಿಯಂ, ಮೆಗ್ನೀಸಿಯಂ, ಟೈಟಾನಿಯಂಗಳದ್ದು. ನೀಲಿ ಬಲು ಮಂಕು. ಇದ್ದಿಲಿನ ಪುಡಿಯಿಂದ ಬರುವ, ಜಡೆಯಂತೆ ನಿಧಾನ ಇಳಿಯುವ ಹೊಂಬಣ್ಣವೂ ಅಷ್ಟೇ. ಎಫ್/8ರಲ್ಲಿ ಹೊಂಬಣ್ಣ ಸೊಗಸಾಗಿ ಬಂದ ಬೆನ್ನಿಗೇ ಬಿಳಿ ಬಿರುಸು ಸಿಡಿದರೆ ಚಿತ್ರ ಕೆಟ್ಟಿತೆಂದೇ ಲೆಕ್ಕ. ಪ್ರದರ್ಶನದ ಕೊನೆಯ ಒಂದೆರಡು ನಿಮಿಷ ಒಟ್ಟಿಗೆ ಹತ್ತಾರು ಸಿಡಿಯುವಾಗಂತೂ ಎಫ್/16ಕ್ಕೆ ಇಳಿಸಿ, ಶಟರನ್ನೂ 1–2 ಸೆಕೆಂಡಿಗೆ ಮೊಟಕು ಮಾಡಿ.

ಇನ್ನು ಸೆಕೆಂಡಿನ ಮಾತು. ಎಣಿಸುವುದನ್ನೇ ಬಿಡಿ. ಕ್ಯಾಮೆರಾವನ್ನು ಬಲ್ಬ್ ಮೋಡ್‌ಗೆ (ಒತ್ತಿ ಹಿಡಿದಷ್ಟು ಹೊತ್ತು ಶಟರ್ ತೆರೆದಿರುತ್ತದೆ) ಹಾಕಿ, ರಿಮೋಟ್ ಅಥವಾ ಕೇಬಲ್ ಕೈಯಲ್ಲಿ ಹಿಡಿದು, ಬಿರುಸು ಮೇಲೇರುವ ಬಾಲ ಕಂಡಾಗ ಒತ್ತಿ, ಹೂವು ಅರಳಿ ಕಿಡಿಗಳು ಆರುವಾಗ ಬಿಡಿ. ಹೀಗೆ ಮಾಡಿದಾಗ ಹೆಚ್ಚಿನ ಚಿತ್ರಗಳು ತಾವಾಗಿಯೇ 3ರಿಂದ 8 ಸೆಕೆಂಡಿನೊಳಗೆ ಬೀಳುತ್ತವೆ. ಒತ್ತುವುದು ಕಣ್ಣಿನ ಲೆಕ್ಕದಲ್ಲಿರಲಿ, ಕಿವಿಯ ಲೆಕ್ಕದಲ್ಲಿ ಬೇಡ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ನರೀಮನ್ ಪಾಯಿಂಟ್ ತುದಿಯಿಂದ ಗಿರ್ಗಾಂವ್ ಚೌಪಾಟಿ ನೇರ ಗೆರೆಯಲ್ಲಿ ಸುಮಾರು 3 ಕಿಲೋಮೀಟರ್. ಅಲ್ಲಿ ಹಾರಿದ್ದರ ‘ಧಡ್’ ನಿಮ್ಮ ಕಿವಿಗೆ ಬೀಳುವ ಹೊತ್ತಿಗೆ ಒಂಬತ್ತು ಸೆಕೆಂಡು ಕಳೆದು, ಆ ಬಿರುಸು ಬೂದಿಯಾಗಿರುತ್ತದೆ.

ಒಂದೇ ಚಿತ್ರದಲ್ಲಿ ಮೂರು ನಾಲ್ಕು ಬಿರುಸು ಬೇಕು, ಆದರೆ ಹಿಂದಿನ ಕಟ್ಟಡಗಳು ಹಗಲಿನಂತೆ ಕಾಣಬಾರದು ಅಂದರೆ ಒಂದು ಕಪ್ಪು ರಟ್ಟು ಸಾಕು. ಶಟರ್ ತೆರೆದೇ ಇರಲಿ. ಒಂದು ಆರಿ ಇನ್ನೊಂದು ಏರುವ ನಡುವಿನ ಹೊತ್ತಿನಲ್ಲಿ ಲೆನ್ಸಿನ ಮುಂದೆ ರಟ್ಟು ಹಿಡಿಯಿರಿ, ಲೆನ್ಸಿಗೆ ತಾಗಿಸಬೇಡಿ. ಗಡಿಯಾರದಲ್ಲಿ 40 ಸೆಕೆಂಡು ಆಗಿದ್ದರೂ ಕಟ್ಟಡಗಳ ಪಾಲಿಗೆ ರಟ್ಟು ಸರಿದಿದ್ದ ಹೊತ್ತಷ್ಟೇ ಲೆಕ್ಕ. ಆ ಮೊತ್ತ ಎಫ್/11, ಐಎಸ್ಒ 100ರಲ್ಲಿ 15 ಸೆಕೆಂಡಿನೊಳಗೆ ಇದ್ದರೆ ಮಲಬಾರ್ ಹಿಲ್‌ನ ಕಿಟಕಿಗಳು ಕಿಟಕಿಗಳಾಗಿಯೇ ಉಳಿಯುತ್ತವೆ. ಆಸೆಗೆ ಬಿದ್ದು ಹತ್ತು ಬಿರುಸು ತುರುಕಿದರೆ ಒಂದರ ಮೇಲೊಂದು ಬಿದ್ದು ಬೆಳ್ಳಗಾಗುತ್ತದೆ; ಮೂರು ನಾಲ್ಕೇ ಚಂದ.

ಹೊಗೆ ದೊಡ್ಡ ಶತ್ರು. ನಿಂತಲ್ಲೇ ನಿಲ್ಲುವ ಹೊಗೆ ಕಟ್ಟಡದ ಹಾಗೆಯೇ ಬೆಳಕು ಕೂಡಿಸಿಕೊಳ್ಳುತ್ತದೆ, ಮುಂದಿನ ಬಿರುಸಿನ ಬಣ್ಣ ಅದಕ್ಕೂ ಹತ್ತಿ ಚಿತ್ರ ಕೆಸರಾಗುತ್ತದೆ. ಮುಂಬೈಯಲ್ಲಿ ಸಾಮಾನ್ಯವಾಗಿ ಸಂಜೆ ಗಾಳಿ ಕಡಲಿನಿಂದ ನೆಲಕ್ಕೆ, ತಡರಾತ್ರಿ ನೆಲದಿಂದ ಕಡಲಿಗೆ. ಹಾಗಾಗಿ ಲಕ್ಷ್ಮೀಪೂಜೆಯ ಸಂಜೆ ಎಂಟಕ್ಕೆ ಸರಿಯಾಗಿದ್ದ ಜಾಗ ಡಿಸೆಂಬರ್ 31ರ ನಡುರಾತ್ರಿ ಸರಿಯಿರಬೇಕೆಂದಿಲ್ಲ. ಹಾರಿಸುವ ಜಾಗ ಮತ್ತು ನೀವು, ಇಬ್ಬರೂ ಗಾಳಿಗೆ ಅಡ್ಡಲಾಗಿ ಇದ್ದರೆ ಹೊಗೆ ಪಕ್ಕಕ್ಕೆ ಸರಿಯುತ್ತದೆ. ಅದು ನಿಮ್ಮ ಕಡೆಗೇ ಬಂದರೂ ಕಷ್ಟ, ಬಿರುಸಿನ ಹಿಂದೆ ನೇರ ಹೋಗಿ ಕೂತರೂ ಕಷ್ಟ. ಚೊಕ್ಕ ಆಕಾಶ ಸಿಗುವುದು ಮೊದಲ ಐದು ಹತ್ತು ನಿಮಿಷ ಮಾತ್ರ. ಆ ಹೊತ್ತಿಗೆ ಟ್ರೈಪಾಡ್ ಬಿಚ್ಚುತ್ತಾ ಕೂತವರಿಗೆ ಉಳಿಯುವುದು ಹೊಗೆಯೇ. 2018ರ ಸುಪ್ರೀಂ ಕೋರ್ಟ್ ಆದೇಶ ದೀಪಾವಳಿಗೆ ರಾತ್ರಿ 8ರಿಂದ 10, ಹೊಸ ವರ್ಷಕ್ಕೆ 11.55ರಿಂದ 12.30 ಎಂದು ಸಮಯ ಕೊಟ್ಟಿತ್ತು. ಆಯಾ ವರ್ಷದ ಪೊಲೀಸ್ ಸೂಚನೆ ನೋಡಿಕೊಂಡು, ಒಂದು ಗಂಟೆ ಮೊದಲೇ ಹೋಗಿ ಜಾಗ ಹಿಡಿಯಿರಿ. ಮರೀನ್ ಡ್ರೈವ್‌ಗೆ ಚರ್ಚ್‌ಗೇಟ್, ಮರೀನ್ ಲೈನ್ಸ್, ಚರ್ನಿ ರೋಡ್ ಮೂರೂ ಹತ್ತಿರ. ಚೌಪಾಟಿ ತುದಿ ಬೇಕಾದರೆ ಚರ್ನಿ ರೋಡ್‌ನಲ್ಲೇ ಇಳಿಯಿರಿ.

ಫೋಕಸ್ ಅನ್ನೂ ಆ ಒಂದು ಗಂಟೆಯಲ್ಲೇ ಮುಗಿಸಬೇಕು. ಕಪ್ಪು ಆಕಾಶಕ್ಕೆ ತಿರುಗಿಸಿದರೆ ಆಟೋಫೋಕಸ್ ಅತ್ತಿತ್ತ ತಡಕಾಡುತ್ತದೆ, ಬಿರುಸು ಮುಗಿದ ಮೇಲೆ ಹಿಡಿಯುತ್ತದೆ. ಬಿರುಸು ಹಾರುವಷ್ಟೇ ದೂರದ ಒಂದು ದೀಪವನ್ನು ಲೈವ್ ವ್ಯೂನಲ್ಲಿ ಹಿಗ್ಗಿಸಿ, ಚುಕ್ಕೆ ಆದಷ್ಟೂ ಸಣ್ಣದಾಗುವ ತನಕ ಫೋಕಸ್ ಮಾಡಿ, ಮ್ಯಾನುಯಲ್‌ಗೆ ಬದಲಿಸಿ, ಲೆನ್ಸಿನ ಬಳೆಗೆ ಟೇಪ್ ಅಂಟಿಸಿ. ಲೆನ್ಸಿನ ಮೇಲಿನ ಅನಂತದ ಗುರುತಿನ ತುದಿಗೆ ತಿರುಗಿಸಿಟ್ಟರೆ ಸಾಲದು. ಬಹಳಷ್ಟು ಲೆನ್ಸ್‌ಗಳು ಆ ಗುರುತನ್ನು ದಾಟಿಯೂ ತಿರುಗುತ್ತವೆ.

ಟ್ರೈಪಾಡ್ ಮೇಲಿರುವಾಗ ಇಮೇಜ್ ಸ್ಟೆಬಿಲೈಸೇಶನ್ (ಕೈನಡುಕ ಸರಿಪಡಿಸುವ ವ್ಯವಸ್ಥೆ) ಆಫ್. ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಕೂಡ ಆಫ್: ಅದು ಆನ್ ಇದ್ದರೆ 8 ಸೆಕೆಂಡಿನ ಚಿತ್ರದ ಬೆನ್ನಿಗೆ ಇನ್ನೊಂದು 8 ಸೆಕೆಂಡಿನ ಕಪ್ಪು ಚಿತ್ರ ತೆಗೆಯುತ್ತಾ ಕ್ಯಾಮೆರಾ ಕೈಕಟ್ಟಿ ಕೂರುತ್ತದೆ, ಅರ್ಧ ಪ್ರದರ್ಶನ ಹೋಗುತ್ತದೆ. ವೈಟ್ ಬ್ಯಾಲೆನ್ಸ್ ಡೇಲೈಟ್‌ಗೆ ಹಾಕಿ. ಆಟೋ ಇದ್ದರೆ ಪ್ರತಿ ಚಿತ್ರಕ್ಕೂ ಆಕಾಶದ ಬಣ್ಣ ಬೇರೆ.

ಸೊಸೈಟಿ ಟೆರೇಸಿನಿಂದ ತೆಗೆಯುವವರು, ಸೆಕ್ರೆಟರಿಯಿಂದ ಬೀಗದ ಕೈ ಸಿಕ್ಕ ಮೇಲೆ, ನೀರಿನ ಟ್ಯಾಂಕಿನಿಂದ ದೂರ ನಿಲ್ಲಿ; ಪಂಪ್ ಶುರುವಾದರೆ ಸ್ಲ್ಯಾಬ್ ನಡುಗುತ್ತದೆ. ಟ್ರೈಪಾಡಿನ ನಡುಗೋಲು ಎತ್ತಬೇಡಿ, ಅದರ ಕೊಕ್ಕೆಗೆ ಬ್ಯಾಗು ತೂಗುಹಾಕಿ, ಬ್ಯಾಗು ಗಾಳಿಗೆ ಓಲಾಡದಂತೆ ನೆಲಕ್ಕೆ ತುಸು ತಾಗಿರಲಿ. ಮೇಲಿನಿಂದ ಊರಿಡೀ ಕಾಣುವಾಗ ಬಿರುಸುಗಳು ದೂರ ದೂರ, ಸಣ್ಣ ಸಣ್ಣ. ಅಲ್ಲಿ ಮಾತ್ರ ಎಫ್/8ರಲ್ಲಿ 15–20 ಸೆಕೆಂಡು ಧಾರಾಳವಾಗಿ ಇಡಬಹುದು. ಎಸಿ ಕೋಣೆಯಿಂದ ಕ್ಯಾಮೆರಾವನ್ನು ನೇರ ಟೆರೇಸಿಗೆ ಒಯ್ದರೆ ಅಕ್ಟೋಬರಿನ ಸೆಕೆಗೆ ಗಾಜಿನ ಮೇಲೆ ಹಬೆ ಕಟ್ಟುತ್ತದೆ. ಬ್ಯಾಗಿನಲ್ಲೇ ಮುಚ್ಚಿ ಅರ್ಧ ಗಂಟೆ ಹೊರಗಿಡಿ.

ಫೋನಿನಲ್ಲಿ? ಬಹುತೇಕ ಫೋನ್‌ಗಳಲ್ಲಿ ಅಪರ್ಚರ್ ಬದಲಿಸಲು ಬರುವುದಿಲ್ಲ. ನೈಟ್ ಮೋಡ್ ಬಿಟ್ಟುಬಿಡಿ. ಅದು ಹಲವು ತುಣುಕು ಚಿತ್ರಗಳನ್ನು ಹೊಂದಿಸಿ ಬೆಸೆಯುವುದರಿಂದ ಗೆರೆ ತುಂಡಾಗಬಹುದು. ಪ್ರೊ ಮೋಡ್‌ನಲ್ಲಿ ಐಎಸ್ಒ 50, ಶಟರ್ 1–2 ಸೆಕೆಂಡು, ಫೋಕಸ್ ಮ್ಯಾನುಯಲ್, ಒಂದು ಪುಟ್ಟ ಸ್ಟ್ಯಾಂಡ್. ಐಫೋನ್ ಆದರೆ ಲೈವ್ ಫೋಟೊ ತೆಗೆದು, ಆಮೇಲೆ ಅದರಲ್ಲೇ ಲಾಂಗ್ ಎಕ್ಸ್‌ಪೋಷರ್ ಆಯ್ದುಕೊಳ್ಳಿ.