ಬಸ್ಸಾರು, ಬಾಣಂತಿ ಮತ್ತು ವಿಟಮಿನ್ ಕೆ

ಬಸವನಗುಡಿಯಲ್ಲಿರುವ ನಮ್ಮ ಸೋದರತ್ತೆಗೆ ಹೃದಯದಲ್ಲಿ ಲೋಹದ ಕವಾಟ ಕೂರಿಸಿ ಹಲವು ವರ್ಷಗಳಾದವು. ಅಂದಿನಿಂದ ಅವರು ದಿನವೂ ರಕ್ತ ಹೆಪ್ಪುಗಟ್ಟುವುದನ್ನು ತಗ್ಗಿಸುವ ವಾರ್ಫರಿನ್ ಮಾತ್ರೆ ನುಂಗುತ್ತಾರೆ, ತಿಂಗಳಿಗೊಮ್ಮೆ, ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆಂದು ತೋರಿಸುವ ಐಎನ್‌ಆರ್ ಪರೀಕ್ಷೆ ಮಾಡಿಸುತ್ತಾರೆ. ಈ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪು ಮುಟ್ಟಬಾರದು ಎಂದು ಯಾರೋ ಹೇಳಿದ್ದನ್ನು ನಂಬಿ, ಬೆಳಿಗ್ಗೆ ಬೀದಿಯಲ್ಲಿ ಸೊಪ್ಪಿನವರ ಕೂಗು ಕೇಳಿದರೂ ಬಾಗಿಲು ತೆರೆಯುತ್ತಿರಲಿಲ್ಲ. ಹೋದ ವರ್ಷ ತಂಗಿಯ ಮನೆಯಲ್ಲಿ ಒಂದು ವಾರ ಉಳಿದು, ಬಹಳ ದಿನಗಳ ಆಸೆ ತೀರುವಂತೆ ದಂಟಿನ ಸೊಪ್ಪಿನ ಬಸ್ಸಾರು, ಪಲ್ಯ ಉಂಡು ಬಂದ ಮೇಲೆ ನೋಡಿದರೆ 2.8 ಇದ್ದ ಐಎನ್‌ಆರ್ 1.7ಕ್ಕೆ ಇಳಿದಿತ್ತು. ಎಂದರೆ ರಕ್ತ ಬೇಕಾದುದಕ್ಕಿಂತ ಬೇಗ ಹೆಪ್ಪುಗಟ್ಟುತ್ತಿತ್ತು. ಕವಾಟದ ಮೇಲೆ ಹೆಪ್ಪು ಕೂರುವ ಅಪಾಯವಿತ್ತು.

ಸೊಪ್ಪಿನಲ್ಲಿದ್ದು ಇದನ್ನು ಮಾಡಿದ್ದು ವಿಟಮಿನ್ ಕೆ. ಕೋಪನ್‌ಹೇಗನ್ನಿನ ಹೆನ್ರಿಕ್ ಡಾಮ್ 1929ರ ಸುಮಾರಿಗೆ ಕೋಳಿಮರಿಗಳಿಗೆ ಕೊಬ್ಬಿಲ್ಲದ ಆಹಾರ ಕೊಟ್ಟು ಕೊಲೆಸ್ಟೆರಾಲ್ ಕುರಿತು ಅಧ್ಯಯನ ಮಾಡುತ್ತಿದ್ದಾಗ, ಅವುಗಳ ಚರ್ಮದಡಿಯಲ್ಲಿ ರಕ್ತ ಒಸರುವುದನ್ನೂ ತೆಗೆದ ರಕ್ತ ಹೆಪ್ಪುಗಟ್ಟಲು ತಡಮಾಡುವುದನ್ನೂ ಕಂಡರು. ಕೊರತೆಯಾಗಿದ್ದ ವಸ್ತುವಿಗೆ 1935ರಲ್ಲಿ, ಹೆಪ್ಪುಗಟ್ಟುವಿಕೆ ಎಂಬ ಅರ್ಥದ ‘ಕೊಅಗ್ಯುಲೇಷನ್’ ಪದದ ಮೊದಲಕ್ಷರವನ್ನು ಅವರ ಭಾಷೆಯಲ್ಲಿ ಬರೆಯುವಂತೆ ತೆಗೆದುಕೊಂಡು ‘ಕೆ’ ಎಂದು ಹೆಸರಿಟ್ಟರು. ಅಮೆರಿಕದ ಎಡ್ವರ್ಡ್ ಡಾಯ್ಸಿ ಅದರ ರಾಸಾಯನಿಕ ರಚನೆಯನ್ನು ಬಿಡಿಸಿದರು. 1943ರ ನೊಬೆಲ್ ಇಬ್ಬರಿಗೂ ಸಂದಿತು. (ರಕ್ತಪರೀಕ್ಷೆಯ ಚೀಟಿಯಲ್ಲಿ ಸೋಡಿಯಂ ಪಕ್ಕ ಕಾಣುವ ‘ಕೆ’ ಪೊಟ್ಯಾಸಿಯಂನದು. ಇವೆರಡಕ್ಕೂ ಸಂಬಂಧವಿಲ್ಲ.)

ಯಕೃತ್ತು ತಯಾರಿಸುವ ಪ್ರೋಥ್ರಾಂಬಿನ್ ಮತ್ತು 7, 9, 10ನೇ ಅಂಶಗಳೆಂಬ ಪ್ರೋಟೀನುಗಳಿಲ್ಲದೆ ಗಾಯದ ರಕ್ತ ಸರಿಯಾಗಿ ನಿಲ್ಲದು. ಇವು ಗಾಯವಾದಲ್ಲಿ ಹೋಗಿ ಅಂಟಿಕೊಳ್ಳಬೇಕಾದರೆ ಕ್ಯಾಲ್ಸಿಯಂ ಹಿಡಿಯುವ ಕೊಂಡಿಗಳು ಬೇಕು. ಪ್ರೋಟೀನಿನಲ್ಲಿರುವ ಕೆಲವು ಗ್ಲುಟಾಮಿಕ್ ಆಮ್ಲದ ಘಟಕಗಳಿಗೆ ಇನ್ನೊಂದು ಕಾರ್ಬಾಕ್ಸಿಲ್ ಗುಂಪನ್ನು ಜೋಡಿಸಿದಾಗ ಆ ಕೊಂಡಿ ಆಗುತ್ತದೆ. ಪ್ರೋಥ್ರಾಂಬಿನ್ ಒಂದರಲ್ಲೇ ಇಂಥವು 10 ಇವೆ. ಈ ಜೋಡಣೆಗೆ ವಿಟಮಿನ್ ಕೆ ಬೇಕೇ ಬೇಕು. ಅದಿಲ್ಲದಿದ್ದರೂ ಯಕೃತ್ತು ಪ್ರೋಟೀನು ತಯಾರಿಸುವುದನ್ನು ನಿಲ್ಲಿಸುವುದಿಲ್ಲ, ಆದರೆ ಕೊಂಡಿಯಿಲ್ಲದ ಆ ಪ್ರೋಟೀನು ಕೆಲಸಕ್ಕೆ ಬಾರದು. ಒಮ್ಮೆ ದುಡಿದ ವಿಟಮಿನ್ನನ್ನು ದೇಹ ಮತ್ತೆ ಮೊದಲಿನ ರೂಪಕ್ಕೆ ತಂದು ಬಳಸಿಕೊಳ್ಳುತ್ತದೆ, ಮತ್ತು ವಾರ್ಫರಿನ್ ತಡೆಯುವುದು ಈ ಮರುಬಳಕೆಯನ್ನೇ. ಮನುಷ್ಯರ ಔಷಧಿಯಾಗುವ ಮೊದಲು ವಾರ್ಫರಿನ್ ಇಲಿ ಪಾಷಾಣವಾಗಿತ್ತು. ಇಂದು ನಮ್ಮ ಅಂಗಡಿಗಳಲ್ಲಿ ಸಿಗುವ ಹಲವು ಇಲಿ ಪಾಷಾಣಗಳೂ ಅದೇ ವಂಶದವು. ಅವನ್ನು ಅಕಸ್ಮಾತ್ ತಿಂದವರಿಗೆ ಕೊಡುವ ಮದ್ದು ವಿಟಮಿನ್ ಕೆ.

ವಯಸ್ಕರಿಗೆ ದಿನಕ್ಕೆ 90ರಿಂದ 120 ಮೈಕ್ರೋಗ್ರಾಂ ಸಾಕೆಂಬುದು ಅಮೆರಿಕದ ಲೆಕ್ಕ. 100 ಗ್ರಾಂ ಹಸಿ ಪಾಲಕ್ ಸೊಪ್ಪಿನಲ್ಲಿ ಸುಮಾರು 480 ಮೈಕ್ರೋಗ್ರಾಂ ಇರುತ್ತದೆ, ಆದರೆ ಎಲೆಯಲ್ಲಿ ಅದು ಬಿಗಿಯಾಗಿ ಕೂತಿರುವುದರಿಂದ ಅಷ್ಟೂ ಮೈಗೆ ಹತ್ತುವುದಿಲ್ಲ. ಇದು ನೀರಿನಲ್ಲಿ ಕರಗದೆ ಎಣ್ಣೆಯಲ್ಲಿ ಕರಗುವ ವಿಟಮಿನ್. ಬಸ್ಸಾರಿಗೆಂದು ಸೊಪ್ಪು ಬೇಯಿಸಿ ನೀರು ಬಸಿದಾಗ ವಿಟಮಿನ್ ಸಿ ಆ ನೀರಿನೊಂದಿಗೆ ಹೋದರೂ ಕೆ ಸೊಪ್ಪಿನಲ್ಲೇ ಉಳಿಯುತ್ತದೆ, ಪಲ್ಯಕ್ಕೆ ಹಾಕುವ ಎಣ್ಣೆಯ ಒಗ್ಗರಣೆ ಅದನ್ನು ಕರುಳು ಹೀರಿಕೊಳ್ಳಲು ನೆರವಾಗುತ್ತದೆ. ಹೀಗಾಗಿ ಆರೋಗ್ಯವಂತ ವಯಸ್ಕರಲ್ಲಿ ಕೊರತೆ ಅಪರೂಪ. ಪಿತ್ತನಾಳ ಕಟ್ಟಿಕೊಂಡು ಕಾಮಾಲೆಯಾದವರಲ್ಲಿ, ಕೊಬ್ಬು ಜೀರ್ಣವಾಗದ ಕಾಯಿಲೆಗಳಿರುವವರಲ್ಲಿ, ಸರಿಯಾಗಿ ಉಣ್ಣದೆ ಬಹುಕಾಲ ಆ್ಯಂಟಿಬಯೊಟಿಕ್ ತೆಗೆದುಕೊಳ್ಳುವವರಲ್ಲಿ ಅದು ಕಾಣಿಸಿಕೊಳ್ಳಬಹುದು. ಮೂಳೆಯ ಪ್ರೋಟೀನುಗಳಿಗೂ ಕೆ ಬೇಕೆಂಬುದು ನಿಜ. ಆದರೆ ಅಷ್ಟರಿಂದಲೇ ಎಲ್ಲರೂ ಅದರ ಮಾತ್ರೆ ಕೊಂಡು ನುಂಗಬೇಕೆನ್ನುವ ಜಾಹೀರಾತುಗಳನ್ನು ನಾನು ನಂಬುವುದಿಲ್ಲ.

ಕೊರತೆಯ ನಿಜವಾದ ಅಪಾಯವಿರುವುದು ಹಸುಗೂಸಿಗೆ. ಕೆ ವಿಟಮಿನ್ ಮಾಸು ದಾಟಿ ಮಗುವಿಗೆ ತಲುಪುವುದು ಅತ್ಯಲ್ಪ, ಎದೆಹಾಲಿನಲ್ಲೂ ಅದು ಕಡಿಮೆ, ಕರುಳಿನಲ್ಲಿ ಕೆ ತಯಾರಿಸುವ ಬ್ಯಾಕ್ಟೀರಿಯಾಗಳೂ ಇನ್ನೂ ನೆಲೆಯೂರಿರುವುದಿಲ್ಲ. ಮೊದಲ ವಾರದಲ್ಲಿ ಹೊಕ್ಕುಳಿನಿಂದಲೋ ಕರುಳಿನಿಂದಲೋ ರಕ್ತ ಹೋಗಬಹುದು. ಇನ್ನೂ ಭಯಂಕರವೆಂದರೆ, ಚೆನ್ನಾಗಿಯೇ ಇದ್ದ ಮಗುವಿಗೆ ಒಂದೆರಡು ತಿಂಗಳಾದ ಮೇಲೆ ಮಿದುಳಿನೊಳಗೆ ರಕ್ತಸ್ರಾವವಾಗಬಹುದು. ಇದಕ್ಕಾಗಿಯೇ ಹುಟ್ಟಿದ ಕೂಡಲೇ ತೊಡೆಗೆ ಸಾಮಾನ್ಯವಾಗಿ 1 ಮಿಲಿಗ್ರಾಂ ಚುಚ್ಚುಮದ್ದು ಕೊಡುತ್ತಾರೆ. ನಮ್ಮ ಅಣ್ಣನ ಮಗಳ ಹೆರಿಗೆಯಲ್ಲಿ ಅಜ್ಜಿಯೊಬ್ಬರು, ‘ಬಾಣಂತಿಗೆ ದಿನಾ ಸಬ್ಬಸಿಗೆ ಸೊಪ್ಪು ಹಾಕ್ತೀವಲ್ಲ, ಕೂಸಿಗೆ ಸೂಜಿ ಯಾಕೆ?’ ಎಂದು ತಡೆಯಲು ನೋಡಿದ್ದರು. ಪ್ರಶ್ನೆ ಸಹಜವೇ, ಆದರೆ ತಾಯಿ ಉಣ್ಣುವ ಸೊಪ್ಪಿನಿಂದ ಎದೆಹಾಲಿನ ಕೆ ಮಗುವನ್ನು ಕಾಪಾಡುವಷ್ಟು ಹೆಚ್ಚುವುದಿಲ್ಲ. ಹಾಗೆಂದು ಎದೆಹಾಲು ಬಿಡಿಸಬೇಕಿಲ್ಲ, ಆ ಒಂದು ಸೂಜಿ ಸಾಕು.

ಸೋದರತ್ತೆಯ ವೈದ್ಯರು ಹೇಳಿದ್ದೂ ಸೊಪ್ಪು ಬಿಡಿ ಎಂದಲ್ಲ, ಅಳತೆ ಬದಲಿಸಬೇಡಿ ಎಂದು. ತಿನ್ನುವ ಸೊಪ್ಪು ವಾರವಾರವೂ ಹೆಚ್ಚುಕಡಿಮೆ ಒಂದೇ ಸಮ ಇದ್ದರೆ ಅದಕ್ಕೆ ಹೊಂದುವಂತೆ ಮಾತ್ರೆಯ ಪ್ರಮಾಣವನ್ನು ಅವರು ಗೊತ್ತುಮಾಡಬಲ್ಲರು. ಈಗ ಅತ್ತೆ ಸೋಮವಾರ ಮತ್ತು ಗುರುವಾರ ಒಂದೊಂದು ಕಟ್ಟು ಸೊಪ್ಪು ಕೊಳ್ಳುತ್ತಾರೆ, ಕೊಂಡ ದಿನವನ್ನು ಐಎನ್‌ಆರ್ ಚೀಟಿಯ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದಿಡುತ್ತಾರೆ.